ನಿಶ್ಚಿತಾರ್ಥದ ಜೋಡಿಚಿತ್ರಗಳ ವಿಮರ್ಶೆ: ಹೇಳುವವರಿಗೂ ಕೇಳುವವರಿಗೂ ಒಂದು ಮಾರ್ಗದರ್ಶಿ

ನಿಶ್ಚಿತಾರ್ಥದ ಸೀಸನ್ ಮುಗಿದ ಮೇಲೆ ಛಾಯಾಗ್ರಾಹಕರು ತಮ್ಮ ತಮ್ಮ ಫೋಟೊಗಳನ್ನು ಸ್ನೇಹಿತರಿಗೆ ತೋರಿಸುತ್ತಾರೆ. "ಹೇಗಿದೆ ಗುರು?" ಎಂದು ಒಬ್ಬರು ಕೇಳುತ್ತಾರೆ, "ಸೂಪರ್ ಗುರು" ಎಂದು ಇನ್ನೊಬ್ಬರು ಹೇಳುತ್ತಾರೆ, ವ್ಯವಹಾರ ಅಲ್ಲಿಗೆ ಮುಗಿಯುತ್ತದೆ. ಮಾತು ಸ್ವಲ್ಪ ಮುಂದುವರಿದರೆ ಯಾವ ಲೆನ್ಸ್, ಯಾವ ಕ್ಯಾಮೆರಾ, ಯಾವ ಪ್ರಿಸೆಟ್ (ಎಡಿಟಿಂಗ್‌ನ ಸಿದ್ಧ ಬಣ್ಣದ ಅಚ್ಚು) ಎಂಬ ವಿಚಾರಣೆ ನಡೆಯುತ್ತದೆಯೇ ಹೊರತು ಚಿತ್ರದಲ್ಲಿ ನಿಂತಿರುವ ಇಬ್ಬರ ಬಗ್ಗೆ ಯಾರೂ ಏನೂ ಹೇಳುವುದಿಲ್ಲ. ಹೇಳಿದರೂ ಅದು ಹುಡುಗಿಯ ಮೈಬಣ್ಣದ ಬಗ್ಗೆಯೋ ಹುಡುಗನ ಹೊಟ್ಟೆಯ ಬಗ್ಗೆಯೋ ಆಗಿರುತ್ತದೆ, ಮತ್ತು ಅಂಥ ಮಾತಿನಿಂದ ಯಾವ ಛಾಯಾಗ್ರಾಹಕನ ಕೆಲಸವೂ ಸುಧಾರಿಸಿದ್ದನ್ನು ನಾನು ಕಂಡಿಲ್ಲ. ಹಲವು ವರ್ಷ ಮೈಸೂರಿನ ಸುತ್ತಮುತ್ತ ಈ ಕೆಲಸ ಮಾಡುತ್ತ, ಭಾನುವಾರದ ಬೆಳಗ್ಗೆ ಐದಾರು ಜನ ಸಮಾನ ವೃತ್ತಿಯವರೊಡನೆ ಕುಳಿತು ಚಿತ್ರಗಳನ್ನು ನೋಡುತ್ತ ರೂಢಿಸಿಕೊಂಡ ಕ್ರಮವೊಂದನ್ನು ಇಲ್ಲಿ ಬರೆಯುತ್ತಿದ್ದೇನೆ.

ತೋರಿಸುವ ಮುನ್ನ

ಮೊದಲ ಕೆಲಸ ಅನುಮತಿ. ನಿಶ್ಚಿತಾರ್ಥದ ಫೋಟೊ ಎರಡು ಮನೆಗಳ ಖಾಸಗಿ ವಿಷಯ. ಕೆಲವು ಮನೆಗಳಲ್ಲಿ ಮದುವೆಯ ಸುದ್ದಿ ಇನ್ನೂ ನೆಂಟರಿಗೇ ತಲುಪಿರುವುದಿಲ್ಲ, ಅಪರೂಪಕ್ಕೆ ಸಂಬಂಧವೇ ಮುರಿದುಬೀಳುವುದೂ ಉಂಟು. ಆದ್ದರಿಂದ ಮುಂಗಡ ಪಡೆಯುವ ದಿನವೇ "ಕೆಲವು ಚಿತ್ರಗಳನ್ನು ನಮ್ಮ ವೃತ್ತಿಯ ನಾಲ್ಕೈದು ಜನರಿಗೆ ತೋರಿಸಿ ಅಭಿಪ್ರಾಯ ಕೇಳುತ್ತೇನೆ, ಒಪ್ಪಿಗೆಯೇ?" ಎಂದು ಹುಡುಗ ಹುಡುಗಿ ಇಬ್ಬರನ್ನೂ ಕೇಳಿ, ಒಪ್ಪಿದರೆ ಕರಾರಿನಲ್ಲಿ ಒಂದು ಸಾಲು ಬರೆದುಕೊಳ್ಳಬೇಕು. ಒಬ್ಬರು ಒಪ್ಪಿ ಇನ್ನೊಬ್ಬರು ಹಿಂಜರಿದರೆ ಅದನ್ನು ನಿರಾಕರಣೆ ಎಂದೇ ತಿಳಿಯಬೇಕು. ತೋರಿಸುವ ಫೈಲ್‌ನಲ್ಲಿ ಹೆಸರು, ಊರು, ಸ್ಥಳದ ಜಿಪಿಎಸ್ ಮಾಹಿತಿ ಉಳಿಯದಂತೆ ಎಕ್ಸ್‌ಪೋರ್ಟ್ ಮಾಡಿಕೊಳ್ಳಬೇಕು.

ಎರಡನೆಯದು ಆಯ್ಕೆ. ನಲವತ್ತು ಚಿತ್ರಗಳನ್ನು ಒಟ್ಟಿಗೆ ಕಳಿಸಿದರೆ ನೋಡುವವರು ಬೆರಳಿನಿಂದ ಸರಿಸುತ್ತ ಹೋಗುತ್ತಾರೆ, ಅಷ್ಟೇ. ಎರಡು ಚಿತ್ರ ಸಾಕು: ನಿಮಗೆ ತೃಪ್ತಿ ಕೊಟ್ಟದ್ದೊಂದು, ಎಲ್ಲೋ ಏನೋ ಸರಿಯಿಲ್ಲ ಎಂದು ಅನ್ನಿಸಿಯೂ ಅದೇನೆಂದು ಹೇಳಲಾಗದೆ ಉಳಿದದ್ದೊಂದು. ಎರಡನೆಯದರಿಂದಲೇ ಹೆಚ್ಚು ಕಲಿಯುತ್ತೀರಿ. ವಾಟ್ಸಾಪ್‌ನಲ್ಲಿ ಸಾಮಾನ್ಯ ಚಿತ್ರವಾಗಿ ಕಳಿಸಿದರೆ ಅದು ಕುಗ್ಗಿ, ಚರ್ಮದ ಸೂಕ್ಷ್ಮ ಛಾಯೆಗಳು ಮೊದಲು ಹಾಳಾಗುತ್ತವೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಆ ತೊಂದರೆ ಇಲ್ಲ.

ಮೂರನೆಯದು ಪ್ರಶ್ನೆ. ಪ್ರಶ್ನೆ ಕಿರಿದಾದಷ್ಟೂ ಉತ್ತರ ಉಪಯುಕ್ತವಾಗುತ್ತದೆ. "ಇದು ಮೇಲುಕೋಟೆ ಕಲ್ಯಾಣಿಯ ಮೆಟ್ಟಿಲ ಮೇಲೆ ಸಂಜೆ ಆರಕ್ಕೆ ತೆಗೆದದ್ದು. ಜೋಡಿಗೆ ಮಾತು ಕಡಿಮೆ, ಹಿರಿಯರು ನೋಡಿ ಒಪ್ಪಿಸಿದ ಸಂಬಂಧ. ಆಲ್ಬಮ್‌ನ ಮೊದಲ ಪುಟಕ್ಕೆ ಬೇಕು. ಇಬ್ಬರ ನಡುವಿನ ಸಂಕೋಚ ಸೊಗಸಾಗಿ ಕಾಣುತ್ತಿದೆಯೋ ಅಥವಾ ಬಿಗಿಯಾಗಿ ಕಾಣುತ್ತಿದೆಯೋ?" ಎಂದು ಕೇಳಿದರೆ ನೋಡುವವರ ಕಣ್ಣಿಗೊಂದು ಕೆಲಸ ಸಿಗುತ್ತದೆ. ಚಿತ್ರ ಯಾರಿಗಾಗಿ, ಎಲ್ಲಿ ಉಪಯೋಗಕ್ಕೆ ಎಂಬುದನ್ನು ಹೇಳದಿದ್ದರೆ ವಿಮರ್ಶಕರು ತಮ್ಮ ಅಭಿರುಚಿಯನ್ನೇ ಅಳತೆಗೋಲು ಮಾಡಿಕೊಳ್ಳುತ್ತಾರೆ. ಆಮಂತ್ರಣ ಪತ್ರಿಕೆಗೆ ಬೇಕಾದ ಚಿತ್ರ, ಇನ್‌ಸ್ಟಾಗ್ರಾಮ್‌ನ ಉದ್ದನೆಯ ಚೌಕಟ್ಟಿಗೆ ಬೇಕಾದ ಚಿತ್ರ, ಛತ್ರದ ಬಾಗಿಲಲ್ಲಿ ನಿಲ್ಲಿಸುವ ಫ್ಲೆಕ್ಸ್‌ಗೆ ಬೇಕಾದ ಚಿತ್ರ, ಇವು ಮೂರೂ ಒಂದೇ ಅಲ್ಲ.

ನೋಡುವ ಕ್ರಮ

ವಿಮರ್ಶೆ ಮಾಡಲು ಕುಳಿತವರು ಮೊದಲ ಒಂದೆರಡು ನಿಮಿಷ ಸುಮ್ಮನಿರಬೇಕು. ಚಿತ್ರವನ್ನು ಮೊದಲು ಅಂಚೆಚೀಟಿಯಷ್ಟು ಚಿಕ್ಕದಾಗಿ ನೋಡಿ, ಕಣ್ಣು ಮೊದಲು ಎಲ್ಲಿಗೆ ಹೋಯಿತು ಎಂದು ಗುರುತಿಸಿಕೊಳ್ಳಬೇಕು. ಅದು ಮುಖದ ಮೇಲೆ ಹೋಗದೆ ಹಿನ್ನೆಲೆಯ ಬಿಳಿ ಕಾರಿನ ಮೇಲೆ ಹೋಗಿದ್ದರೆ ಅದೇ ಮೊದಲ ಟಿಪ್ಪಣಿ. ಆಮೇಲೆ ಪೂರ್ಣ ಗಾತ್ರದಲ್ಲಿ, ಕೊನೆಗೆ ನೂರು ಶೇಕಡಾ ಹಿಗ್ಗಿಸಿ ನಾಲ್ಕೂ ಕಣ್ಣುಗಳನ್ನು ನೋಡಬೇಕು. ರಾತ್ರಿ ಹೊತ್ತು ನೋಡುವುದಾದರೆ ಪರದೆಯನ್ನು ಹಳದಿಯಾಗಿಸುವ ಫೋನಿನ ನೈಟ್ ಮೋಡ್ ಆಫ್ ಮಾಡಿರುವುದು ಅವಶ್ಯಕ, ಇಲ್ಲದಿದ್ದರೆ ಎಲ್ಲರ ಮುಖವೂ ಅರಿಶಿನ ಹಚ್ಚಿದಂತೆ ಕಂಡು, ಇಲ್ಲದ ತಪ್ಪನ್ನು ಹೇಳಿದಂತಾಗುತ್ತದೆ.

ನಾಲ್ಕೂ ಕಣ್ಣು ಎಂದು ಒತ್ತಿ ಹೇಳುವುದಕ್ಕೆ ನನ್ನದೇ ಒಂದು ಪ್ರಮಾದ ಕಾರಣ. 85 ಮಿ.ಮೀ. ಲೆನ್ಸ್‌ನಲ್ಲಿ, ಅಪರ್ಚರ್ (ಲೆನ್ಸ್‌ನೊಳಗೆ ಬೆಳಕು ಬಿಡುವ ಕಿಂಡಿ) ಎಫ್/1.8 ಇಟ್ಟು, ಸುಮಾರು ಎರಡು ಮೀಟರ್ ದೂರದಿಂದ ಒಂದು ಜೋಡಿಯನ್ನು ತೆಗೆದಿದ್ದೆ. ಹುಡುಗ ಹಿಂದಿನಿಂದ ಹುಡುಗಿಯ ಭುಜದ ಮೇಲೆ ಗಲ್ಲ ಊರಿದ್ದ. ಕ್ಯಾಮೆರಾದ ಪರದೆಯಲ್ಲಿಯೂ ಫೋನಿನಲ್ಲಿಯೂ ಅದು ಅಪ್ಪಟ ಚಿನ್ನದಂತೆ ಕಂಡಿತು, ತೋರಿಸಿದ ಸ್ನೇಹಿತರೆಲ್ಲ ಹೊಗಳಿದರು. 12×36 ಇಂಚಿನ ಆಲ್ಬಮ್ ಹಾಳೆಯಲ್ಲಿ ಅಚ್ಚಾಗಿ ಬಂದ ಮೇಲೆ ಹುಡುಗನ ತಾಯಿ ಕನ್ನಡಕ ಸರಿಮಾಡಿಕೊಂಡು, "ಹುಡುಗಿ ಕಣ್ಣು ಎಷ್ಟು ಚೆನ್ನಾಗಿ ಬಂದಿದೆ, ನಮ್ಮ ಹುಡುಗ ಮಾತ್ರ ಯಾಕಪ್ಪ ಮಂಜು ಮಂಜಾಗಿದ್ದಾನೆ?" ಎಂದರು. ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ ಆ ಲೆನ್ಸ್, ಆ ಅಪರ್ಚರ್, ಆ ದೂರಕ್ಕೆ ಸ್ಪಷ್ಟವಾಗಿ ಬರುವ ಆಳ ಸುಮಾರು ಆರು ಸೆಂಟಿಮೀಟರ್ ಮಾತ್ರ. ಹುಡುಗನ ಕಣ್ಣು ಹುಡುಗಿಯ ಕಣ್ಣಿಗಿಂತ ಒಂದು ಗೇಣಿನಷ್ಟು ಹಿಂದಿತ್ತು. ಕಿಂಡಿಯನ್ನು ಕಿರಿದಾಗಿಸಿ ಎಫ್/8 ಇಟ್ಟು, ಇಬ್ಬರ ಕಣ್ಣುಗಳ ನಡುವೆ ಫೋಕಸ್ ಮಾಡಿದ್ದರೆ ಆ ಆಳ ಇಪ್ಪತ್ತೈದು ಸೆಂಟಿಮೀಟರಿನ ಆಸುಪಾಸಿಗೆ ಬರುತ್ತಿತ್ತು. ಇಲ್ಲವೇ ಇಬ್ಬರ ಕೆನ್ನೆಯನ್ನೂ ಒಂದೇ ಸಾಲಿಗೆ ತಂದಿದ್ದರೆ ಇದ್ದ ಅಪರ್ಚರ್ ಕೂಡ ಒದಗುತ್ತಿತ್ತೇನೋ. ಅಷ್ಟು ಜನ ವೃತ್ತಿಯವರು ಕಾಣದ್ದನ್ನು ಆ ತಾಯಿ ಕಂಡದ್ದು ಅವರು ತಮ್ಮ ಮಗನನ್ನು ಹುಡುಕುತ್ತಿದ್ದ ಕಾರಣದಿಂದ. ಒಬ್ಬರ ಚಿತ್ರ ತೆಗೆಯುವ ಅಭ್ಯಾಸದ ಕಣ್ಣು ಒಬ್ಬರಲ್ಲೇ ನಿಲ್ಲುತ್ತದೆ. ಜೋಡಿಯ ಚಿತ್ರವನ್ನು ನೋಡುವಾಗ ಒಮ್ಮೆ ಹುಡುಗಿಯ ಮನೆಯವರಾಗಿ, ಇನ್ನೊಮ್ಮೆ ಹುಡುಗನ ಮನೆಯವರಾಗಿ ನೋಡಬೇಕು.

ಏನನ್ನು ಮೊದಲು, ಏನನ್ನು ಆಮೇಲೆ

ನನ್ನ ಮಟ್ಟಿಗೆ ಮೊದಲು ನೋಡಬೇಕಾದದ್ದು ಇಬ್ಬರ ನಡುವಿನ ಸಂಬಂಧ, ಆಮೇಲೆ ಬೆಳಕು, ಆಮೇಲೆ ಹಿನ್ನೆಲೆ, ತಾಂತ್ರಿಕ ವಿಷಯ ಕಡೆಯಲ್ಲಿ. ಹೆಚ್ಚಿನವರು ಈ ಕ್ರಮವನ್ನು ತಲೆಕೆಳಗು ಮಾಡುತ್ತಾರೆ, ಏಕೆಂದರೆ ತಾಂತ್ರಿಕ ತಪ್ಪನ್ನು ಹೇಳುವುದು ಸುಲಭ.

ಸಂಬಂಧವನ್ನು ಓದಲು ಮುಖಕ್ಕಿಂತ ಕೈ ಒಳ್ಳೆಯ ಸಾಕ್ಷಿ. ಮುಖಕ್ಕೆ "ನಗಿ" ಎಂದರೆ ನಗುತ್ತದೆ, ಕೈಗೆ ಹಾಗೆ ಹೇಳಿ ಪ್ರಯೋಜನವಿಲ್ಲ. ಹುಡುಗನ ಬೆರಳುಗಳು ಹುಡುಗಿಯ ತೋಳನ್ನು ಮುಟ್ಟಿಯೂ ಮುಟ್ಟದಂತೆ ಗಾಳಿಯಲ್ಲಿ ನಿಂತಿವೆಯೋ, ಹುಡುಗಿಯ ಕೈ ಸೆರಗಿನ ಅಂಚನ್ನು ಗಟ್ಟಿಯಾಗಿ ಹಿಡಿದಿದೆಯೋ, ಹೆಬ್ಬೆರಳು ಮಡಿಚಿಕೊಂಡಿದೆಯೋ ಎಂದು ನೋಡಿದರೆ ಆ ಕ್ಷಣದಲ್ಲಿ ಅವರು ಎಷ್ಟು ನಿರಾಳವಾಗಿದ್ದರು ಎಂಬುದು ತಿಳಿಯುತ್ತದೆ. ದೇಹದ ಭಾರ ಯಾವ ಕಾಲಿನ ಮೇಲಿದೆ ಎಂಬುದೂ ಮುಖ್ಯ: ಇಬ್ಬರೂ ಹೊರಗಿನ ಕಾಲಿನ ಮೇಲೆ ಭಾರ ಹಾಕಿ ನಿಂತಿದ್ದರೆ ತಲೆಗಳು ಹತ್ತಿರವಿದ್ದರೂ ದೇಹಗಳು ದೂರ ಸರಿಯುತ್ತಿರುತ್ತವೆ. ಉಂಗುರ ಕಾಣಲೆಂದು ಕೈಯನ್ನು ಎದೆಯ ಮೇಲಿರಿಸಿದ ಚಿತ್ರಗಳಲ್ಲಿ ಆ ಕೈ ಅಲ್ಲಿಗೆ ತಾನಾಗಿ ಬಂದಂತಿದೆಯೇ, ಅಥವಾ ಒಡವೆ ಅಂಗಡಿಯ ಜಾಹೀರಾತಿಗೆ ಇಟ್ಟಂತಿದೆಯೇ ಎಂದು ಕೇಳಿಕೊಳ್ಳಬಹುದು. ಇಲ್ಲಿ ವಿಮರ್ಶಕ ಒಂದು ಎಚ್ಚರ ವಹಿಸಬೇಕು. ಅಪ್ಪಿಕೊಳ್ಳದ ಜೋಡಿಯೆಲ್ಲ ಬಿಗಿಯಾದ ಜೋಡಿಯಲ್ಲ. ಆಲ್ಬಮ್ ಕೊನೆಗೆ ಹೋಗಿ ಕೂರುವುದು ಹಜಾರದ ಟೀಪಾಯಿಯ ಮೇಲೆ, ಅಜ್ಜಿಯೂ ಅದನ್ನು ತಿರುವಿಹಾಕುತ್ತಾರೆ ಎಂಬುದು ಹುಡುಗ ಹುಡುಗಿಗೆ ಗೊತ್ತಿರುತ್ತದೆ. ಅವರೇ ಇರಿಸಿಕೊಂಡ ಒಂದು ಗೇಣಿನ ಅಂತರವನ್ನು ಛಾಯಾಗ್ರಾಹಕನ ದೋಷವೆಂದು ಎಣಿಸುವುದು ಸರಿಯಲ್ಲ.

ಇನ್ನು ನಿಶ್ಚಿತಾರ್ಥದ ದಿನವೇ ಛತ್ರದಲ್ಲಿ ತೆಗೆದ ಚಿತ್ರವೋ, ಆಮೇಲೆ ಹೊರಾಂಗಣದಲ್ಲಿ ತೆಗೆದ ಪ್ರೀವೆಡ್ಡಿಂಗ್ ಚಿತ್ರವೋ ಎಂಬುದನ್ನು ಕೇಳದೆ ಬಾಯಿ ತೆರೆಯಬಾರದು. ಲಗ್ನಪತ್ರಿಕೆ ಓದುವುದು, ತಾಂಬೂಲ ಬದಲಾಯಿಸುವುದು, ಮಡಿಲು ತುಂಬುವುದು ಇವು ಮತ್ತೊಮ್ಮೆ ನಡೆಯುವುದಿಲ್ಲ. ವಿಡಿಯೊದವರ ದೀಪ, ಅಡ್ಡಬರುವ ಸೋದರಮಾವನ ಮೊಣಕೈ, ಪುರೋಹಿತರ ಅವಸರ ಎಲ್ಲದರ ನಡುವೆ ತೆಗೆದ ಚಿತ್ರ ಅದು. ಅಂಥ ಚಿತ್ರಕ್ಕೆ "ಇನ್ನೂ ಎರಡು ಹೆಜ್ಜೆ ಎಡಕ್ಕೆ ಸರಿಯಬಹುದಿತ್ತು" ಎಂಬ ಸಲಹೆ ಕೊಡುವ ಮುನ್ನ, ಎಡಕ್ಕೆ ಜಾಗವಿತ್ತೇ ಎಂದು ಕೇಳುವುದು ಸೌಜನ್ಯ.

ಬೆಳಕಿನ ವಿಷಯದಲ್ಲಿ ನಮ್ಮ ನಾಡಿಗೆ ಸಂಬಂಧಿಸಿದ ಎರಡು ಸಂಗತಿಗಳನ್ನು ವಿಮರ್ಶಕ ಮರೆಯಬಾರದು. ಬೆಂಗಳೂರು, ಮೈಸೂರುಗಳು ಇರುವುದು 12-13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದಲ್ಲಿ ಮತ್ತು ಆಗಸ್ಟ್ ನಡುಭಾಗದಲ್ಲಿ ನಡುಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆಯೇ ಇರುತ್ತಾನೆ. ಏಪ್ರಿಲ್-ಮೇ ತಿಂಗಳು ಮದುವೆಯ ಭರಾಟೆಯ ಕಾಲವೂ ಹೌದು. ಆ ಹೊತ್ತಿನಲ್ಲಿ ಬಯಲಲ್ಲಿ ತೆಗೆದ ಎಲ್ಲ ಮುಖಗಳಲ್ಲೂ ಕಣ್ಣಿನ ಗೂಡು ಕಪ್ಪಾಗುತ್ತದೆ. ಮುಖಭಾವದ ತಪ್ಪೆಂದು ನಾವು ತಿಳಿಯುವುದು ಎಷ್ಟೋ ಸಲ ಈ ನೆರಳೇ ಆಗಿರುತ್ತದೆ. ಎರಡನೆಯದಾಗಿ, ಇಲ್ಲಿ ಸೂರ್ಯ ಹೆಚ್ಚು ಓರೆಯಾಗದೆ ನೆಟ್ಟಗೆ ಇಳಿಯುವುದರಿಂದ ಸಂಜೆಯ ಹೊಂಬಿಸಿಲು ಮುಕ್ಕಾಲು ಗಂಟೆಯೂ ನಿಲ್ಲುವುದಿಲ್ಲ. ಯುರೋಪಿನ ದೀರ್ಘ ಸಂಜೆಗಳ ಚಿತ್ರಗಳನ್ನು ನೋಡಿ ಬೆಳೆದವರು "ಇದೇ ಬೆಳಕಿನಲ್ಲಿ ಇನ್ನೂ ನಾಲ್ಕು ಪೋಸ್ ಪ್ರಯತ್ನಿಸಬೇಕಿತ್ತು" ಎನ್ನುವಾಗ, ಸೀರೆಯ ನೆರಿಗೆ ಸರಿಮಾಡುವುದಕ್ಕೇ ಹತ್ತು ನಿಮಿಷ ಹೋಗಿರುತ್ತದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡಿರುವುದಿಲ್ಲ.

ಬಣ್ಣದಲ್ಲಿ ನಾನು ತಪ್ಪದೆ ಪರಿಶೀಲಿಸುವುದು ಎರಡು ಕಡೆ. ಮರೂನ್ ಅಥವಾ ಕೆಂಪು ರೇಷ್ಮೆ ಸೀರೆಯಲ್ಲಿ ಕೆಂಪು ಚಾನೆಲ್ (ಚಿತ್ರದ ಕೆಂಪು ಬಣ್ಣದ ಪದರ) ಮಾತ್ರ ಮಿತಿಮೀರಿ ತುಂಬಿ, ನೇಯ್ಗೆಯ ವಿವರವೆಲ್ಲ ಅಳಿಸಿ, ಸೀರೆ ಬಣ್ಣದ ಕಾಗದದ ಹಾಗೆ ಕಾಣುತ್ತದೆ. ಒಟ್ಟು ಹಿಸ್ಟೊಗ್ರಾಮ್ (ಚಿತ್ರದ ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಸರಿಯಿದ್ದರೂ ಬಣ್ಣಗಳನ್ನು ಬಿಡಿಬಿಡಿಯಾಗಿ ನೋಡಿದಾಗ ಇದು ಗೊತ್ತಾಗುತ್ತದೆ. ಇನ್ನೊಂದು, ಕಬ್ಬನ್ ಪಾರ್ಕಿನಂಥ ದಟ್ಟ ಮರಗಳ ಕೆಳಗೆ ತೆಗೆದ ಚಿತ್ರಗಳಲ್ಲಿ ಗಲ್ಲದ ಕೆಳಗೆ, ಕತ್ತಿನಲ್ಲಿ ಹುಲ್ಲಿನ ಹಸಿರು ಪ್ರತಿಫಲಿಸಿರುತ್ತದೆ. ಛತ್ರದೊಳಗಿನ ಚಿತ್ರದಲ್ಲಿ ಅಡ್ಡಡ್ಡ ಪಟ್ಟಿಗಳು ಕಂಡರೆ ಅದು ಎಲ್‌ಇಡಿ ದೀಪಗಳ ಮಿನುಗು. ನಮ್ಮ ವಿದ್ಯುತ್ತು 50 ಹರ್ಟ್ಜ್ ಆದ್ದರಿಂದ ಅಲ್ಲಿ ಶಟರ್ ವೇಗವನ್ನು 1/50 ಅಥವಾ 1/100 ಸೆಕೆಂಡಿಗೆ ಇರಿಸಿ ನೋಡಿ ಎಂದು ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋಗಬಹುದು. ತಲೆಯಿಂದ ಮೊಳೆತ ಕಂಬ, ವಾಲಿದ ದಿಗಂತ, ಮಣಿಕಟ್ಟಿನಲ್ಲಿ ಕತ್ತರಿಸಿದ ಚೌಕಟ್ಟು ಇವನ್ನೆಲ್ಲ ಎಲ್ಲರೂ ಬಲ್ಲರು. ಆಲ್ಬಮ್‌ಗೆಂದು ತೆಗೆದ ಚಿತ್ರವಾದರೆ ಮಾತ್ರ, ಹಾಳೆಯ ನಡುವಿನ ಮಡಿಕೆ ಯಾರ ಮುಖದ ಮೇಲೆ ಬೀಳುತ್ತದೆ ಎಂದು ಒಮ್ಮೆ ಬೆರಳಿಟ್ಟು ನೋಡಬೇಕು.

ಹೇಳುವ ರೀತಿ

ಹೇಳುವಾಗ ಮೂರು ಮಾತು ಒಂದರ ಹಿಂದೊಂದು ಬರಬೇಕು: ನಾನು ಕಂಡದ್ದು ಏನು, ಅದರಿಂದ ಚಿತ್ರಕ್ಕೆ ಆದದ್ದು ಏನು, ಇದೇ ಫೈಲ್‌ನಲ್ಲಿ ಅಥವಾ ಮುಂದಿನ ಶೂಟ್‌ನಲ್ಲಿ ಮಾಡಬಹುದಾದದ್ದು ಏನು. ನಮ್ಮ ಗುಂಪಿನಲ್ಲಿ ಒಮ್ಮೆ ಒಬ್ಬರು, "ಹುಡುಗಿ ಸ್ವಲ್ಪ ದಪ್ಪ ಸರ್, ಈ ಆಂಗಲ್ ಬೇಡವಾಗಿತ್ತು" ಎಂದರು. ಚಿತ್ರ ತಂದವರು ತಲೆ ತಗ್ಗಿಸಿದರು, ಕಲಿತದ್ದು ಏನೂ ಇಲ್ಲ. ಅದೇ ಚಿತ್ರವನ್ನು ಮತ್ತೊಬ್ಬರು ಹೀಗೆ ವಿವರಿಸಿದರು: "24 ಮಿ.ಮೀ. ಲೆನ್ಸ್‌ನಲ್ಲಿ ತುಂಬ ಹತ್ತಿರ ಹೋಗಿದ್ದೀರಿ, ಹುಡುಗಿ ಚೌಕಟ್ಟಿನ ಅಂಚಿನಲ್ಲಿದ್ದಾರೆ. ಅಂಚಿನಲ್ಲಿರುವುದು ಅಗಲಕ್ಕೆ ಎಳೆದಂತಾಗಿ ತೋಳು ನಿಜಕ್ಕಿಂತ ದೊಡ್ಡದಾಗಿ ಕಾಣುತ್ತಿದೆ, ಕಣ್ಣು ಅಲ್ಲಿಯೇ ನಿಲ್ಲುತ್ತಿದೆ. ನಾಲ್ಕು ಹೆಜ್ಜೆ ಹಿಂದೆ ಸರಿದು 50ರಲ್ಲಿ ತೆಗೆದರೆ ಇಬ್ಬರ ಪ್ರಮಾಣವೂ ಸರಿಹೋಗುತ್ತದೆ." ಎರಡೂ ಮಾತು ಹೊರಟದ್ದು ಚಿತ್ರದ ಒಂದೇ ಜಾಗದಿಂದ. ಮೊದಲನೆಯದನ್ನು ಕೇಳಿಕೊಂಡು ಮಾಡುವುದಕ್ಕೆ ಏನೂ ಇಲ್ಲ, ಏಕೆಂದರೆ ಹುಡುಗಿಯನ್ನು ಬದಲಾಯಿಸಲು ಬರುವುದಿಲ್ಲ. ಬದಲಾಯಿಸಬೇಕಾದದ್ದು ದೂರವನ್ನು, ಲೆನ್ಸನ್ನು.

ಮೈಬಣ್ಣದ ಬಗ್ಗೆಯೂ ಇಷ್ಟೇ. "ಸ್ವಲ್ಪ ಬೆಳ್ಳಗೆ ಮಾಡಿ" ಎಂಬ ಮಾತು ಮನೆಯವರಿಂದ ಬರುವುದು ಸಾಕು, ವೃತ್ತಿಯವರಿಂದಲೂ ಬರಬೇಕಾಗಿಲ್ಲ. ಮುಖ ಕತ್ತಲಾಗಿದ್ದರೆ ಬೆಳಕು ಸಾಲಲಿಲ್ಲ ಎನ್ನಿ, ಒಂದು ಬಿಳಿ ಥರ್ಮಕೋಲ್ ಹಲಗೆಯನ್ನು ಎದೆಮಟ್ಟದಲ್ಲಿ ಹಿಡಿಸಬಹುದಿತ್ತು ಎನ್ನಿ. ಇಬ್ಬರಲ್ಲಿ ಒಬ್ಬರ ಬಣ್ಣ ಗಾಢವಾಗಿದ್ದು, ಎಡಿಟಿಂಗ್‌ನಲ್ಲಿ ಆ ಅಂತರವನ್ನು ಅಳಿಸಿದ್ದರೆ ಅದನ್ನು ದೋಷವೆಂದೇ ಹೇಳಬೇಕೆಂದು ನನ್ನ ಅಭಿಪ್ರಾಯ.

ಬೆಂಗಳೂರಿನಲ್ಲಿ ಯೂತ್ ಫೋಟೊಗ್ರಾಫಿಕ್ ಸೊಸೈಟಿ 1971ರಿಂದ ಇದೆ, ಕರ್ನಾಟಕಕ್ಕೆ ಸಲೂನ್ ಸ್ಪರ್ಧೆಗಳ (ತೀರ್ಪುಗಾರರು ಅಂಕ ಕೊಟ್ಟು ಆರಿಸುವ ಛಾಯಾಚಿತ್ರ ಪ್ರದರ್ಶನಗಳ) ದೊಡ್ಡ ಪರಂಪರೆಯೂ ಇದೆ. ನಮ್ಮಲ್ಲಿ ಅನೇಕರು ವಿಮರ್ಶೆಯ ಭಾಷೆಯನ್ನು ಕಲಿತದ್ದು ಆ ಪರಂಪರೆಯಿಂದಲೇ, ಅದೂ ಹೆಚ್ಚಾಗಿ ಹಕ್ಕಿ, ಹುಲಿ, ಭೂದೃಶ್ಯದ ಚಿತ್ರಗಳ ನಡುವೆ. ಆ ಶಿಸ್ತು ಒಳ್ಳೆಯದು. ಆದರೆ ಕೆಲವೇ ಸೆಕೆಂಡುಗಳಲ್ಲಿ ಅಂಕ ಕೊಡುವ ಸಲೂನ್ ತೀರ್ಪಿನ ಧಾಟಿಯನ್ನು ಹಾಗೆಯೇ ಇಲ್ಲಿಗೆ ತಂದರೆ ಕೆಲಸ ಕೆಡುತ್ತದೆ. ಮಿಂಚುಳ್ಳಿ ತನ್ನ ಚಿತ್ರದ ಬಗ್ಗೆ ಅಭಿಪ್ರಾಯ ಇಟ್ಟುಕೊಂಡಿರುವುದಿಲ್ಲ, ಬಾಕಿ ಹಣವನ್ನೂ ತಡೆಹಿಡಿಯುವುದಿಲ್ಲ.

ಗುಂಪಿನಲ್ಲಿ ಕುಳಿತು ಮಾತಾಡುವುದಾದರೆ ವಯಸ್ಸಿನಲ್ಲಿ ಕಿರಿಯರಾದವರು ಮೊದಲು ಹೇಳುವ ನಿಯಮ ಮಾಡಿಕೊಳ್ಳಿ. ಹಿರಿಯರು ಒಮ್ಮೆ "ಚೆನ್ನಾಗಿದೆ" ಎಂದುಬಿಟ್ಟರೆ ಆಮೇಲೆ "ಹೌದು ಸರ್" ಎಂಬುದರ ಹೊರತು ಬೇರೆ ಮಾತು ಹೊರಡುವುದಿಲ್ಲ. ಹಿರಿಯರದೇ ಚಿತ್ರವನ್ನು ನೋಡುವಾಗ ಕಿರಿಯರಿಗೆ ದಾರಿ ಮಾಡಿಕೊಡಲು, ತಂದವರೇ "ಇದರಲ್ಲಿ ನನಗೆ ಕಂಡ ತಪ್ಪು ಇದು, ನಿಮಗೆ ಕಂಡದ್ದು ಯಾವುದು?" ಎಂದು ಆರಂಭಿಸಿದರೆ ಸಂಕೋಚ ಕಳೆಯುತ್ತದೆ. ಒಳ್ಳೆಯದನ್ನು ಹೇಳುವಾಗಲೂ "ಚೆನ್ನಾಗಿದೆ" ಎಂಬಲ್ಲಿಗೆ ನಿಲ್ಲದೆ ಯಾವುದು, ಏಕೆ ಎಂಬುದನ್ನು ಹೇಳಬೇಕು, ಇಲ್ಲದಿದ್ದರೆ ತೆಗೆದವರಿಗೆ ಅದನ್ನು ಮತ್ತೊಮ್ಮೆ ಮಾಡುವುದು ತಿಳಿಯುವುದಿಲ್ಲ.

ಕೇಳಿಸಿಕೊಳ್ಳುವ ರೀತಿ

ಚಿತ್ರ ತಂದವರು ಮೊದಲ ಸುತ್ತು ಮುಗಿಯುವವರೆಗೆ ವಿವರಣೆ ಕೊಡಬಾರದು. "ಅಲ್ಲಿ ಕಾವಲುಗಾರ ಬಂದುಬಿಟ್ಟ", "ಹುಡುಗ ಲೇಟು", "ಮೋಡ ಕವಿಯಿತು" ಇವೆಲ್ಲ ನಿಜವೇ ಇರಬಹುದು, ಆದರೆ ಚಿತ್ರದ ಜೊತೆ ನೀವು ಹೋಗಿ ನಿಂತು ಇದನ್ನು ಪ್ರತಿ ಮನೆಯಲ್ಲೂ ಹೇಳಲಾಗುವುದಿಲ್ಲ. ಒಂದು ನೋಟ್‌ಬುಕ್ಕಿನಲ್ಲಿ, ಹೇಳಿದವರ ಮಾತಿನಲ್ಲಿಯೇ, ಬರೆದುಕೊಳ್ಳಿ. ಅರ್ಥವಾಗದಿದ್ದರೆ ಪ್ರಶ್ನೆ ಕೇಳಿ: "ಬಿಗಿಯಾಗಿದೆ ಎಂದಿರಿ, ಯಾರ ಯಾವ ಅಂಗ ನೋಡಿ ಹಾಗನ್ನಿಸಿತು?"

ಮೂರು ಜನ ಮೂರು ಬೇರೆ ಪರಿಹಾರ ಹೇಳಿದರೂ ಬೆರಳು ತೋರಿಸಿದ ಜಾಗ ಒಂದೇ ಆಗಿದ್ದರೆ, ತೊಂದರೆ ಆ ಜಾಗದಲ್ಲಿದೆ ಎಂದು ನಂಬಿ, ಪರಿಹಾರವನ್ನು ನೀವೇ ಹುಡುಕಿಕೊಳ್ಳಿ. ಮೇಲುಕೋಟೆ ರಾಯಗೋಪುರದ ಎತ್ತರದ ಕಂಬಗಳ ನಡುವೆ ನಿಲ್ಲಿಸಿದ ಒಂದು ಜೋಡಿಯ ಚಿತ್ರಕ್ಕೆ ನನಗೆ ಒಬ್ಬರು ಕ್ರಾಪ್ ಮಾಡಿ ಎಂದರು, ಒಬ್ಬರು ಕಂಬದ ಬೆಳಕು ತಗ್ಗಿಸಿ ಎಂದರು, ಇನ್ನೊಬ್ಬರು ಜೋಡಿ ತೀರ ಚಿಕ್ಕದಾಯಿತು ಎಂದರು. ಮೂವರೂ ಹೇಳುತ್ತಿದ್ದುದು, ಕಲ್ಲು ಮನುಷ್ಯರನ್ನು ನುಂಗಿದೆ ಎಂದು. ನಾನು ಕ್ರಾಪ್ ಮಾಡಲಿಲ್ಲ, ಬೆಳಕನ್ನೂ ತಗ್ಗಿಸಲಿಲ್ಲ. ಅದೇ ಜಾಗದಲ್ಲಿ ತೆಗೆದ ಇನ್ನೊಂದು ಫ್ರೇಮ್ ಆರಿಸಿದೆ, ಅದರಲ್ಲಿ ಹುಡುಗಿಯ ಸೆರಗು ಗಾಳಿಗೆ ಹಾರಿ ಜೋಡಿಯ ಅಗಲ ಹೆಚ್ಚಾಗಿತ್ತು.

ಎಲ್ಲ ಸಲಹೆಯನ್ನೂ ಒಪ್ಪಬೇಕಾಗಿಲ್ಲ. ಒಂದು ರಾತ್ರಿ ಕಳೆದ ಮೇಲೆ, ಮೂಲ ಎಡಿಟ್ ಹಾಗೆಯೇ ಇರಿಸಿ, ವರ್ಚುವಲ್ ಕಾಪಿಯಲ್ಲಿ (ಎಡಿಟಿಂಗ್ ತಂತ್ರಾಂಶದಲ್ಲಿ ಅದೇ ಫೈಲ್‌ನ ಇನ್ನೊಂದು ರೂಪದಲ್ಲಿ) ಬದಲಾವಣೆ ಮಾಡಿ, ಎರಡನ್ನೂ ಪಕ್ಕಪಕ್ಕದಲ್ಲಿ ನೋಡಿ. ಸಾಧ್ಯವಿದ್ದರೆ ಎರಡನ್ನೂ 4×6 ಅಳತೆಯಲ್ಲಿ ಪ್ರಿಂಟ್ ಹಾಕಿಸಿ, ಯಾವುದರ ಬಗ್ಗೆಯೂ ಏನೂ ಹೇಳದೆ ಮನೆಯವರ ಮುಂದಿಡಿ. ಮುಂದಿನ ಶೂಟ್‌ಗೆ ಹೋಗುವಾಗ ಒಂದೇ ಒಂದು ತಿದ್ದುಪಡಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೋಗಿ, ಉದಾಹರಣೆಗೆ ಈ ಸಲ ಕೈಗಳು ಮಾತ್ರ. ಹತ್ತು ತಿದ್ದುಪಡಿ ಹೊತ್ತು ಹೋದವರು ಜೋಡಿಯೊಡನೆ ಮಾತಾಡುವುದನ್ನೇ ಮರೆಯುತ್ತಾರೆ.

ಜೋಡಿಯಿಂದಲೇ ಬರುವ ಆಕ್ಷೇಪಣೆಯನ್ನು ಬೇರೆಯಾಗಿ ಕೇಳಿಸಿಕೊಳ್ಳಬೇಕು. ಅವರಿಗೆ ನಮ್ಮ ಪರಿಭಾಷೆ ಗೊತ್ತಿರುವುದಿಲ್ಲ. ಒಬ್ಬ ಹುಡುಗಿ "ಚೆನ್ನಾಗಿದೆ ಅಣ್ಣ, ಆದರೆ ನಾನು ಹೀಗೆ ನಗಲ್ಲ" ಎಂದಿದ್ದರು. ಯಾವ ಛಾಯಾಗ್ರಾಹಕನೂ ನನಗೆ ಅದನ್ನು ಹೇಳಿಕೊಡುವಂತಿರಲಿಲ್ಲ. ಆ ದಿನದ ಫೈಲ್‌ಗಳನ್ನೆಲ್ಲ ಮತ್ತೆ ತೆರೆದು, ಅವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ನೋಡಿದಾಗ, ಅವರು ಬೆರಳಿಟ್ಟದ್ದು ಪೋಸ್‌ಗಳ ನಡುವೆ ನಾನು ಸುಮ್ಮನೆ ಒತ್ತಿದ್ದ ಒಂದು ಫ್ರೇಮಿನ ಮೇಲೆ. ಅಲ್ಲಿ ಹುಡುಗ ಏನೋ ಹೇಳಿದ್ದ, ಅವರು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು, ಹಲ್ಲು ಕಾಣುತ್ತಿರಲಿಲ್ಲ. ಫೋಕಸ್ ಕಿವಿಯೋಲೆಯ ಮೇಲಿತ್ತು. ನಾನು ತಳ್ಳಿಹಾಕಿದ್ದ ಅದನ್ನೇ ಅವರು ಆಲ್ಬಮ್‌ಗೆ ಹಾಕಿಸಿಕೊಂಡರು.

ವಿಮರ್ಶೆ ಮುಗಿದ ದಿನವೇ, ತೋರಿಸಲೆಂದು ಹಂಚಿದ ಫೈಲ್‌ಗಳನ್ನು ಎಲ್ಲರ ಫೋನು, ಲ್ಯಾಪ್‌ಟಾಪ್‌ಗಳಿಂದ ಅಳಿಸಿಹಾಕುವಂತೆ ಕೇಳಿಕೊಳ್ಳಿ, ಅಳಿಸಿದ್ದಾರೆಯೇ ಎಂದು ವಿಚಾರಿಸಿ. ನಿಮ್ಮ ಬಳಿ ಉಳಿಯಬೇಕಾದದ್ದು ನೋಟ್‌ಬುಕ್ಕಿನ ಆ ಒಂದು ಪುಟ ಮಾತ್ರ.